ಬರಹ ಒಂದು, ರೂಪ ಹಲವು



ಇಚಲಕರಂಜಿಯ ಮಗ್ಗದಿಂದ ಇಳಿಯುವ ಬಟ್ಟೆ ಹೆಚ್ಚಾಗಿ ಕೋರಾ ಬಟ್ಟೆ. ಅದಕ್ಕೆ ಬಣ್ಣ ಇಲ್ಲ, ಹೊಳಪೂ ಇಲ್ಲ. ಆದರೆ ಹಾಸಿನಲ್ಲಿ ಎಷ್ಟು ಎಳೆ, ಹೊಕ್ಕಿನಲ್ಲಿ ಎಷ್ಟು ಎಳೆ, ನೇಯ್ಗೆ ಯಾವ ತರಹದ್ದು ಎಂಬುದೆಲ್ಲ ಮಗ್ಗದ ಮೇಲೆಯೇ ನಿಶ್ಚಯವಾಗಿರುತ್ತದೆ. ಆಮೇಲೆ ಅದು ಪ್ರೊಸೆಸ್‌ಗೆ ಹೋಗುತ್ತದೆ. ಅಲ್ಲಿ ಅದೇ ಕೋರಾ ಬಟ್ಟೆಯ ಒಂದು ಭಾಗ ಬಿಳಿ ಅಸ್ತರು ಆಗುತ್ತದೆ, ಒಂದು ಭಾಗ ಬಣ್ಣದ ಪರಕಾರ ಆಗುತ್ತದೆ, ಇನ್ನೊಂದಕ್ಕೆ ಹೂವಿನ ಛಾಪು ಬೀಳುತ್ತದೆ. ಬಣ್ಣಕ್ಕೊಂದರಂತೆ ಬಟ್ಟೆಯನ್ನು ಮತ್ತೆ ಮತ್ತೆ ನೇಯುವ ಕೆಲಸ ಇಲ್ಲ. ನೇಯ್ಗೆ ಒಂದೇ ಸಲ, ರೂಪ ಹಲವು.

ಬರಹಕ್ಕೂ ಹೀಗೆ ಮಾಡಲು ಬರುತ್ತದೇನು? ಬರುತ್ತದೆ. ಒಂದು ಸಲ ಸರಿಯಾಗಿ ಗುರುತು ಹಚ್ಚಿ ಬರೆದರೆ ಸಾಕು, ಒಂದು ಪುಟ್ಟ ಪ್ರೋಗ್ರಾಂ ಅದನ್ನು ಜಾಲಪುಟ ಮಾಡಿ ಕೊಡುತ್ತದೆ, ಅಚ್ಚಿನ ಪುಟವನ್ನೂ ಮಾಡಿ ಕೊಡುತ್ತದೆ, ಬೇರೆಯವರು ತಿದ್ದಬಹುದಾದ ಕಡತವನ್ನೂ ಮಾಡಿ ಕೊಡುತ್ತದೆ. ಇದು ಹೇಗೆ ಆಗುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ. ಕನ್ನಡದಲ್ಲಿ ಬರೆಯುವವರಿಗೆ ಎಲ್ಲಿ ತೊಡಕಾಗುತ್ತದೆ ಎಂಬುದನ್ನೂ ತಿಳಿಯೋಣ.

ನಮಗೆ ಇದು ಯಾಕೆ ಬೇಕು?

ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಪಠ್ಯಪುಸ್ತಕ ಪುಣೆಯ ಬಾಲಭಾರತಿಯಿಂದ ಬರುತ್ತದೆ. 1967ರಲ್ಲಿ ಆರಂಭವಾದ ಈ ಸಂಸ್ಥೆ ಮರಾಠಿ, ಉರ್ದು, ಕನ್ನಡ ಮುಂತಾದ ಹಲವು ಮಾಧ್ಯಮಗಳಿಗೆ ಪುಸ್ತಕ ಮಾಡುತ್ತದೆ. ಆದರೆ ಪಠ್ಯಪುಸ್ತಕದ ಆಚೆ ಏನು? ನಮ್ಮ ಊರಿನ ನದಿಯ ಬಗ್ಗೆ, ನಮ್ಮ ಮಗ್ಗದ ಬಗ್ಗೆ, ವಿಜ್ಞಾನ ಪ್ರದರ್ಶನದಲ್ಲಿ ನೀವು ಮಾಡಿದ ಪ್ರಯೋಗದ ಬಗ್ಗೆ ಕನ್ನಡದಲ್ಲಿ ಯಾರು ಬರೆಯಬೇಕು? ನಾವೇ ಬರೆಯಬೇಕು. ಬೇರೆಯವರು ಬರೆದು ಕೊಡಲಿ ಅಂತ ಕಾಯುತ್ತ ಕುಳಿತರೆ ಆಗುವ ಕೆಲಸ ಅಲ್ಲ ಇದು.

ಹೀಗೆ ಬರೆದದ್ದು ಈಗ ಹೆಚ್ಚಾಗಿ ಫೋಟೊ ಆಗಿ ತಿರುಗಾಡುತ್ತದೆ. ವಹಿಯ ಪುಟಕ್ಕೆ ಮೊಬೈಲ್ ಹಿಡಿದು ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇವೆ. ಅವಸರಕ್ಕೆ ಅದು ಸರಿ. ಆದರೆ ಆ ಫೋಟೊದಲ್ಲಿ ಒಂದು ಶಬ್ದವನ್ನು ಹುಡುಕಲು ಬರುವುದಿಲ್ಲ. ಒಂದು ತಪ್ಪಿದ್ದರೆ ತಿದ್ದಲು ಬರುವುದಿಲ್ಲ. ಕಣ್ಣು ಕಾಣದ ಗೆಳೆಯನಿಗೆ ಅವನ ಮೊಬೈಲ್ ಅದನ್ನು ಸರಿಯಾಗಿ ಓದಿ ಹೇಳುವ ಭರವಸೆ ಇಲ್ಲ. ಗಾತ್ರವೂ ನೋಡ್ರಿ: ಇಂದಿನ ಕಂಪ್ಯೂಟರ್‌ಗಳು ಬಳಸುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಜಾಗ ಬೇಕು. ಒಂದು ಪುಟದಲ್ಲಿ 2000 ಸಂಕೇತ ಇದ್ದರೂ ಒಟ್ಟು 6000 ಬೈಟ್ ಮಾತ್ರ. ಅದೇ ಪುಟದ ಫೋಟೊ ಲಕ್ಷಗಟ್ಟಲೆ ಬೈಟ್ ತಿನ್ನುತ್ತದೆ.

ಫೋಟೊ ಬೇಡ ಅಂತ ಟೈಪ್ ಮಾಡಿದರೂ ಇನ್ನೊಂದು ತೊಂದರೆ ಉಳಿಯುತ್ತದೆ. ಅಚ್ಚಿಗೆ ಒಂದು ಕಡತ, ಮೊಬೈಲ್‌ಗೆ ಇನ್ನೊಂದು, ತಿದ್ದುವವರಿಗೆ ಮತ್ತೊಂದು ಹೀಗೆ ಮೂರು ಕಡೆ ಬರೆದಿಟ್ಟರೆ, ಒಂದು ತಪ್ಪು ಸಿಕ್ಕಾಗ ಮೂರು ಕಡೆಯೂ ತಿದ್ದಬೇಕು. ಒಂದು ಕಡೆ ಮರೆತರೆ ಮುಗಿಯಿತು, ಯಾವ ಪ್ರತಿ ಸರಿ ಎಂಬುದೇ ಗೊತ್ತಾಗುವುದಿಲ್ಲ.

ಹೇಗೆ ಕಾಣಬೇಕು? ಏನು ಅದು?

ಇದಕ್ಕೆ ಪರಿಹಾರ ಬಹಳ ಹಳೆಯ ಒಂದು ರೂಢಿಯಲ್ಲಿ ಇದೆ. ಅಚ್ಚುಮೊಳೆ ಜೋಡಿಸಿ ಮುದ್ರಿಸುವ ಕಾಲದಲ್ಲಿ ಸಂಪಾದಕರು ಹಸ್ತಪ್ರತಿಯ ಅಂಚಿನಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕುತ್ತಿದ್ದರು. ಇಲ್ಲಿ ದಪ್ಪ ಅಕ್ಷರ, ಇಲ್ಲಿ ಹೊಸ ಪ್ಯಾರಾ, ಇದು ಶೀರ್ಷಿಕೆ ಎಂದು ಮೊಳೆ ಜೋಡಿಸುವವರಿಗೆ ಅದು ಸೂಚನೆ. ಆ ಗುರುತುಗಳು ಪುಸ್ತಕದಲ್ಲಿ ಅಚ್ಚಾಗುತ್ತಿರಲಿಲ್ಲ, ಆದರೆ ಪುಸ್ತಕದ ರೂಪ ಅವುಗಳಿಂದಲೇ ಬರುತ್ತಿತ್ತು. ಇಂತಹ ಗುರುತು ಹಚ್ಚುವುದಕ್ಕೇ ಮಾರ್ಕಪ್ ಎಂದು ಹೆಸರು.

ಕಂಪ್ಯೂಟರ್‌ಗೆ ಈ ಪದ್ಧತಿ ತಂದ ಮೊದಲಿಗರಲ್ಲಿ ಜೆರೋಮ್ ಸಾಲ್ಟ್ಜರ್ ಒಬ್ಬರು. 1964ರಲ್ಲಿ ಅಮೆರಿಕದ ಎಂಐಟಿಯಲ್ಲಿ ಅವರು ರನ್‌ಆಫ್ ಎಂಬ ಪ್ರೋಗ್ರಾಂ ಬರೆದರು. ಅದರಲ್ಲಿ ಚುಕ್ಕಿಯಿಂದ ಶುರುವಾಗುವ ಸಾಲು ಎಂದರೆ ಆಜ್ಞೆ: ಸಾಲು ಬಿಡು, ಒಳಗೆ ಸರಿಸು, ಹೊಸ ಪುಟ ತೆಗೆ. ಇವೆಲ್ಲ ಬರಹ ಹೇಗೆ ಕಾಣಬೇಕು ಎಂಬ ಮಾತುಗಳು.

1969ರಲ್ಲಿ ಐಬಿಎಂ ಕಂಪನಿಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಶರ್, ರೇಮಂಡ್ ಲೋರಿ ಎಂಬ ಮೂವರು ಬೇರೆ ದಾರಿ ಹಿಡಿದರು. ಹೇಗೆ ಕಾಣಬೇಕು ಎಂದು ಬರೆಯಬೇಡಿ, ಅದು ಏನು ಎಂದು ಬರೆಯಿರಿ ಎಂಬುದು ಅವರ ದಾರಿ. "ಇದು 20 ಅಂಶದ ದಪ್ಪ ಅಕ್ಷರ" ಅನ್ನುವ ಬದಲು "ಇದು ಶೀರ್ಷಿಕೆ" ಅನ್ನುವುದು. ವ್ಯತ್ಯಾಸ ಸಣ್ಣದೆನಿಸುತ್ತದೆ, ಆದರೆ ಪರಿಣಾಮ ದೊಡ್ಡದು. ಯಾಕಂದ್ರ "20 ಅಂಶದ ದಪ್ಪ ಅಕ್ಷರ" ಎಂಬುದು ಕಾಗದಕ್ಕೆ ಮಾತ್ರ ಅನ್ವಯಿಸುವ ಮಾತು. "ಶೀರ್ಷಿಕೆ" ಎಂಬುದು ಕಾಗದಕ್ಕೂ ಸರಿ, ಪರದೆಗೂ ಸರಿ, ಬ್ರೈಲ್‌ಗೂ ಸರಿ, ಗಟ್ಟಿಯಾಗಿ ಓದುವ ಧ್ವನಿಗೂ ಸರಿ. ಇಂದು ಜಾಲಪುಟಗಳಿಗೆ ಬಳಸುವ ಎಚ್‌ಟಿಎಂಎಲ್ ಕೂಡ ಇದೇ ವಂಶದ ಮೊಮ್ಮಗ.

ಕನ್ನಡದಲ್ಲೂ ಇದು ನಿಮ್ಮ ಕಣ್ಣೆದುರಿಗೇ ಇದೆ. ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅದರ ಯಾವುದೇ ಲೇಖನದ ಮೂಲ ಬರಹ ತೆರೆದು ನೋಡ್ರಿ. ಶೀರ್ಷಿಕೆಯ ಎರಡೂ ಬದಿಗೆ == ಎಂಬ ಗುರುತು, ದಪ್ಪ ಅಕ್ಷರದ ಎರಡೂ ಬದಿಗೆ ಮೂರು ಮೂರು ಒಂಟಿ ಉದ್ಧರಣ ಚಿಹ್ನೆ ಕಾಣುತ್ತವೆ. ಓದುಗರಿಗೆ ಕಾಣುವ ಪುಟವನ್ನು ಆ ಗುರುತುಗಳಿಂದ ಪ್ರೋಗ್ರಾಂ ತಯಾರಿಸುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿರುವ ಪುಸ್ತಕಗಳೂ ಹಾಗೆಯೇ: ಮೂಲ ಒಂದೇ, ಅದರಿಂದ ಜಾಲಪುಟವೂ ಬರುತ್ತದೆ, ಇ-ಪುಸ್ತಕವೂ ಬರುತ್ತದೆ, ಪಿಡಿಎಫ್ ಕೂಡ ಬರುತ್ತದೆ.

ಡಾಕ್ಯುಟಿಲ್ಸ್ ಅಂದ್ರೆ ಏನು?

ಪೈಥಾನ್ ಎಂಬ ಪ್ರೋಗ್ರಾಂ ಭಾಷೆಯ ಹೆಸರು ಕೇಳಿರಬೇಕು. ಆ ಭಾಷೆಯಲ್ಲಿ ಬರೆದಿಟ್ಟ, ನಮ್ಮ ಪ್ರೋಗ್ರಾಂನಿಂದ ಕರೆದು ಕೆಲಸ ಹೇಳಬಹುದಾದ ಸಿದ್ಧ ಭಾಗಗಳ ಗಂಟಿಗೆ ಲೈಬ್ರರಿ ಎನ್ನುತ್ತಾರೆ. ಗುರುತು ಹಚ್ಚಿದ ಬರಹವನ್ನು ಬೇರೆ ಬೇರೆ ರೂಪಕ್ಕೆ ತಿರುಗಿಸುವ ಲೈಬ್ರರಿಯ ಹೆಸರು ಡಾಕ್ಯುಟಿಲ್ಸ್. ಇದನ್ನು ಕಟ್ಟಿದವರು ಡೇವಿಡ್ ಗುಡ್ಜರ್, ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಇದು ಉಚಿತ, ಯಾರೂ ಬಳಸಬಹುದು, ಯಾರೂ ಬಿಚ್ಚಿ ನೋಡಬಹುದು. ಡಾಕ್ಯುಟಿಲ್ಸ್ ಓದುವ ಗುರುತುಗಳ ಪದ್ಧತಿಗೆ ರೀಸ್ಟ್ರಕ್ಚರ್ಡ್ ಟೆಕ್ಸ್ಟ್ ಎಂದು ಹೆಸರು. ಉದ್ದ ಹೆಸರು, ಆದರೆ ಗುರುತುಗಳು ಬಹಳ ಸರಳ.

ಇದರ ಮೇಲೆಯೇ ಗಿಯೋರ್ಗ್ ಬ್ರಾಂಡ್ಲ್ ಅವರು 2008ರಲ್ಲಿ ಸ್ಫಿಂಕ್ಸ್ ಎಂಬ ಸಾಧನ ಕಟ್ಟಿದರು. ಇಂದು ಪೈಥಾನ್ ಭಾಷೆಯ ಪೂರಾ ಕೈಪಿಡಿ ಹೀಗೆ ಗುರುತು ಹಚ್ಚಿದ ಸಾದಾ ಬರಹವಾಗಿಯೇ ಇದೆ. ಲಿನಕ್ಸ್‌ನ ತಿರುಳಿನ ಕೈಪಿಡಿಯೂ 2016ರಿಂದ ಇದೇ ದಾರಿಗೆ ಬಂದಿತು.

ಈಗ ಒಂದು ಉದಾಹರಣೆ. ಕೆಳಗಿನದು ಮೂಲ ಬರಹ. ಇದನ್ನು ಯಾವುದೇ ಸಾದಾ ಎಡಿಟರ್‌ನಲ್ಲಿ, ನೋಟ್‌ಪ್ಯಾಡ್‌ನಲ್ಲಿ ಕೂಡ, ಬರೆಯಬಹುದು.

    ಪಂಚಗಂಗಾ ನದಿ
    ==============

    ಇಚಲಕರಂಜಿಯ ಬದಿಗೆ ಹರಿಯುವ ನದಿ **ಪಂಚಗಂಗಾ**.
    ಇದು *ನರಸೋಬಾವಾಡಿ* ಹತ್ತಿರ ಕೃಷ್ಣಾ ನದಿಯನ್ನು ಸೇರುತ್ತದೆ.
    ಹೆಸರಿನಲ್ಲಿ ಐದು ಗಂಗೆಗಳಿವೆ [#]_.

    ಕೂಡುವ ನದಿಗಳು
    --------------

    - ಕಾಸಾರಿ
    - ಕುಂಭಿ
    - ತುಳಸಿ
    - ಭೋಗಾವತಿ

    .. [#] ಐದನೆಯದು ಗುಪ್ತಗಾಮಿನಿ ಸರಸ್ವತಿ ಎಂದು ಜನರ ನಂಬಿಕೆ.

ಗುರುತುಗಳ ಅರ್ಥ ಹೇಳದಿದ್ದರೂ ನಿಮಗೆ ಅರ್ಧ ತಿಳಿದಿರುತ್ತದೆ. ಕೆಳಗೆ ಗೆರೆ ಎಳೆದದ್ದು ಶೀರ್ಷಿಕೆ. ಮೊದಲು ಕಂಡ ಗೆರೆಯ ಜಾತಿ ದೊಡ್ಡ ಶೀರ್ಷಿಕೆಗೆ, ಎರಡನೆಯದಾಗಿ ಕಂಡದ್ದು ಅದರ ಒಳಗಿನ ಉಪಶೀರ್ಷಿಕೆಗೆ. ಎರಡು ನಕ್ಷತ್ರ ಒತ್ತಿ ಹೇಳುವುದಕ್ಕೆ, ಅದು ಸಾಮಾನ್ಯವಾಗಿ ದಪ್ಪ ಅಕ್ಷರವಾಗಿ ಕಾಣುತ್ತದೆ. ಒಂದು ನಕ್ಷತ್ರ ಸ್ವಲ್ಪ ಒತ್ತು ಕೊಡುವುದಕ್ಕೆ, ಅದು ಓರೆ ಅಕ್ಷರ. ಅಡ್ಡಗೆರೆಯಿಂದ ಶುರುವಾದದ್ದು ಪಟ್ಟಿ. ಚೌಕ ಆವರಣದಲ್ಲಿರುವ # ಗುರುತು ಅಡಿಟಿಪ್ಪಣಿ.

ಒಳಗೆ ಏನು ನಡೆಯುತ್ತದೆ?

ಡಾಕ್ಯುಟಿಲ್ಸ್ ಈ ಬರಹವನ್ನು ನೇರವಾಗಿ ಜಾಲಪುಟ ಮಾಡುವುದಿಲ್ಲ. ಮೂರು ಮೆಟ್ಟಿಲು ಹತ್ತುತ್ತದೆ.

ಮೊದಲನೆಯದು ಪಾರ್ಸರ್. ಇದು ಬರಹವನ್ನು ಓದಿ, ಪ್ರತಿಯೊಂದು ಭಾಗ ಏನು ಎಂದು ಗುರುತಿಸಿ, ಒಂದು ಮರ ಕಟ್ಟುತ್ತದೆ. ನಾವು ವ್ಯಾಕರಣದಲ್ಲಿ ವಾಕ್ಯವನ್ನು ಕರ್ತೃ, ಕರ್ಮ, ಕ್ರಿಯಾಪದ ಎಂದು ಬಿಡಿಸುತ್ತೇವಲ್ಲ, ಹಾಗೆ. ನಮ್ಮ ಬರಹದ ಮರ ಸುಮಾರಾಗಿ ಹೀಗಿರುತ್ತದೆ:

    ದಾಖಲೆ
        ಶೀರ್ಷಿಕೆ: ಪಂಚಗಂಗಾ ನದಿ
        ಪ್ಯಾರಾ (ಒಳಗೆ ಎರಡು ಒತ್ತು, ಒಂದು ಅಡಿಟಿಪ್ಪಣಿಯ ಗುರುತು)
        ವಿಭಾಗ
            ಶೀರ್ಷಿಕೆ: ಕೂಡುವ ನದಿಗಳು
            ಪಟ್ಟಿ
                ಅಂಶ: ಕಾಸಾರಿ
                ಅಂಶ: ಕುಂಭಿ
                ಅಂಶ: ತುಳಸಿ
                ಅಂಶ: ಭೋಗಾವತಿ
            ಅಡಿಟಿಪ್ಪಣಿ

ಮರದಲ್ಲಿ ಈಗ ನಕ್ಷತ್ರ ಇಲ್ಲ, ಗೆರೆ ಇಲ್ಲ. ಅರ್ಥ ಮಾತ್ರ ಉಳಿದಿದೆ. ಇದೇ ನಮ್ಮ ಕೋರಾ ಬಟ್ಟೆ.

ಎರಡನೆಯ ಮೆಟ್ಟಿಲು ಮಾರ್ಪಾಟು. ಮರ ಪೂರ್ತಿ ಕಟ್ಟಿದ ಮೇಲೆಯೇ ಮಾಡಲು ಬರುವ ಕೆಲಸಗಳು ಇಲ್ಲಿ ಆಗುತ್ತವೆ. ಅಡಿಟಿಪ್ಪಣಿಗಳಿಗೆ 1, 2, 3 ಎಂದು ಸಂಖ್ಯೆ ಕೊಡುವುದು, ಶೀರ್ಷಿಕೆಗಳನ್ನೆಲ್ಲ ಆಯ್ದು ಪರಿವಿಡಿ ಮಾಡುವುದು ಇಂಥವು. ನೀವು ನಡುವೆ ಒಂದು ಹೊಸ ಅಡಿಟಿಪ್ಪಣಿ ಸೇರಿಸಿದರೆ ಮುಂದಿನವುಗಳ ಸಂಖ್ಯೆ ತಾವಾಗಿಯೇ ಸರಿಯುತ್ತವೆ. ಕೈಯಿಂದ ತಿದ್ದುವ ತಾಪತ್ರಯ ಇಲ್ಲ.

ಮೂರನೆಯದು ರೈಟರ್. ಇದು ನಮ್ಮ ಪ್ರೊಸೆಸ್. ಡಾಕ್ಯುಟಿಲ್ಸ್‌ನಲ್ಲಿ ರೈಟರ್‌ಗಳು ಹಲವು. ಒಂದು ರೈಟರ್ ಆ ಮರವನ್ನು ನೋಡಿ ಎಚ್‌ಟಿಎಂಎಲ್ ಬರೆಯುತ್ತದೆ, ಅದು ಮೊಬೈಲ್‌ನ ಬ್ರೌಸರ್‌ನಲ್ಲಿ ತೆರೆಯುತ್ತದೆ. ಇನ್ನೊಂದು ಓಡಿಟಿ ಎಂಬ ಕಡತ ಮಾಡುತ್ತದೆ, ಅದನ್ನು ಲಿಬ್ರೆ ಆಫೀಸ್‌ನಲ್ಲಿ ತೆರೆದು ಬೇರೆ ಶಾಲೆಯ ಶಿಕ್ಷಕರು ತಿದ್ದಿಕೊಳ್ಳಬಹುದು. ಮತ್ತೊಂದು ಝೀಟೆಕ್ ಎಂಬ ಮುದ್ರಣ ಪ್ರೋಗ್ರಾಂಗೆ ಬೇಕಾದ ರೂಪದಲ್ಲಿ ಬರೆಯುತ್ತದೆ, ಅದರಿಂದ ಅಂದವಾದ ಪಿಡಿಎಫ್ ಸಿಗುತ್ತದೆ.

ರೈಟರ್‌ಗೆ ಮೂಲ ಬರಹದ ನಕ್ಷತ್ರ, ಗೆರೆಗಳ ಸುದ್ದಿ ಬೇಕಾಗಿಲ್ಲ. ಅದಕ್ಕೆ ಮರ ಸಾಕು. ಆದ್ದರಿಂದ ನಾಳೆ ಹೊಸದೊಂದು ರೂಪ ಬಂದರೆ ಹೊಸ ರೈಟರ್ ಒಂದನ್ನು ಬರೆದರೆ ಆಯಿತು, ನಮ್ಮ ಹಳೆಯ ಬರಹಗಳನ್ನು ಮುಟ್ಟುವ ಕೆಲಸ ಇಲ್ಲ.

ಪ್ರೋಗ್ರಾಂ ಎಷ್ಟು ಉದ್ದ?

ಬಹಳ ಗಿಡ್ಡ. ಆಜ್ಞೆಗಳ ನಿಖರವಾದ ಇಂಗ್ಲಿಷ್ ಕಾಗುಣಿತ ಡಾಕ್ಯುಟಿಲ್ಸ್‌ನ ಕೈಪಿಡಿಯಲ್ಲಿ ಸಿಗುತ್ತದೆ. ನಾವು ಇಲ್ಲಿ ಅದರ ಅರ್ಥವನ್ನು ಕನ್ನಡದಲ್ಲಿ ತಿಳಿಯೋಣ:

1. ಡಾಕ್ಯುಟಿಲ್ಸ್ ಲೈಬ್ರರಿಯಿಂದ "ಪಬ್ಲಿಶ್ ಫೈಲ್" ಎಂಬ ಕಾರ್ಯವನ್ನು ತರಿಸಿಕೊ.
2. "ಪಾಠಗಳು" ಎಂಬ ಫೋಲ್ಡರ್‌ನಲ್ಲಿರುವ ಕಡತಗಳನ್ನು ಒಂದೊಂದಾಗಿ ತೆಗೆದುಕೊ.
3. ಪ್ರತಿಯೊಂದು ಕಡತಕ್ಕೆ ಎಚ್‌ಟಿಎಂಎಲ್, ಓಡಿಟಿ, ಝೀಟೆಕ್ ಎಂಬ ಮೂರು ರೈಟರ್‌ಗಳನ್ನು ಸರದಿಯಂತೆ ಕರೆ.
4. ಮೂಲ ಎಲ್ಲಿದೆ, ಫಲ ಎಲ್ಲಿ ಇಡಬೇಕು, ರೈಟರ್ ಯಾವುದು ಎಂಬ ಮೂರು ಮಾತು ಹೇಳಿ "ಪಬ್ಲಿಶ್ ಫೈಲ್" ನಡೆಸು.

ಇಷ್ಟೇ. 20 ಪಾಠ ಇದ್ದರೆ ಒಂದು ಆಜ್ಞೆಗೆ 60 ಕಡತ ತಯಾರು. ಹನ್ನೊಂದನೆಯ ಪಾಠದಲ್ಲಿ ತಪ್ಪು ಸಿಕ್ಕಿತೇ? ಮೂಲದಲ್ಲಿ ಒಂದು ಕಡೆ ತಿದ್ದಿ ಮತ್ತೆ ನಡೆಸಿದರೆ ಮೂರೂ ರೂಪ ಒಟ್ಟಿಗೆ ಸರಿಯಾಗುತ್ತವೆ. ಇನ್ನೊಂದು ಖುಷಿಯ ವಿಷಯ: ಪೈಥಾನ್‌ನ 3ನೆಯ ಆವೃತ್ತಿಯಲ್ಲಿ ಚರಾಂಶಗಳಿಗೆ ಕನ್ನಡದಲ್ಲೇ ಹೆಸರಿಡಬಹುದು. ಕಡತದ ಹೆಸರು ಹಿಡಿದಿಡುವ ಚರಾಂಶಕ್ಕೆ "ಪಾಠ" ಎಂದು ಕರೆದರೆ ಅದು ತಕರಾರು ಮಾಡುವುದಿಲ್ಲ. ಭಾಷೆಯ ಆಜ್ಞೆಗಳು ಮಾತ್ರ ಇಂಗ್ಲಿಷಿನವು.

ಕನ್ನಡಕ್ಕೆ ಬರುವ ಐದು ತೊಡಕುಗಳು

ಇಂಥ ಸಾಧನಗಳನ್ನು ಕಟ್ಟಿದವರು ಹೆಚ್ಚಾಗಿ ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಕಟ್ಟಿದ್ದಾರೆ. ಹಾಗಾಗಿ ನಮ್ಮ ಲಿಪಿಗೆ, ನಮ್ಮ ವ್ಯಾಕರಣಕ್ಕೆ ಕೆಲವು ಕಡೆ ಒಗ್ಗುವುದಿಲ್ಲ. ಹೆದರಬೇಕಾಗಿಲ್ಲ, ಕಾರಣ ತಿಳಿದರೆ ದಾರಿ ಸಿಗುತ್ತದೆ.

ಒಂದು, ವಿಭಕ್ತಿ ಪ್ರತ್ಯಯ. ಇಂಗ್ಲಿಷಿನಲ್ಲಿ ಶಬ್ದಗಳ ನಡುವೆ ಖಾಲಿ ಜಾಗ ಇರುತ್ತದೆ. ಕನ್ನಡದಲ್ಲಿ ಪ್ರತ್ಯಯ ಶಬ್ದಕ್ಕೆ ಅಂಟಿಕೊಳ್ಳುತ್ತದೆ. "ಮಗ್ಗ" ಎಂಬುದಕ್ಕೆ ಮಾತ್ರ ಒತ್ತು ಕೊಟ್ಟು "ಮಗ್ಗದಲ್ಲಿ" ಎಂದು ಬರೆಯಬೇಕಾದರೆ ಸಹಜವಾಗಿ ಹೀಗೆ ಬರೆಯುತ್ತೇವೆ:

    **ಮಗ್ಗ**ದಲ್ಲಿ

ಡಾಕ್ಯುಟಿಲ್ಸ್ ಇದನ್ನು ಒಪ್ಪುವುದಿಲ್ಲ. ಮುಗಿಸುವ ನಕ್ಷತ್ರಗಳ ಮುಂದೆ ಖಾಲಿ ಜಾಗವೋ ವಿರಾಮಚಿಹ್ನೆಯೋ ಇರಬೇಕು ಎಂಬುದು ಅದರ ನಿಯಮ. ಅಕ್ಷರ ಬಂದರೆ ಒತ್ತು ಇನ್ನೂ ಮುಗಿದಿಲ್ಲ ಎಂದು ತಿಳಿದು, ಮುಗಿಸುವ ಗುರುತು ಸಿಗಲಿಲ್ಲ ಎಂದು ಎಚ್ಚರಿಕೆ ಕೊಡುತ್ತದೆ. ಇದಕ್ಕೆ ಉಪಾಯ, ಹಿಮ್ಮುಖ ಓರೆಗೆರೆ ಮತ್ತು ಒಂದು ಖಾಲಿ ಜಾಗ:

    **ಮಗ್ಗ**\ ದಲ್ಲಿ

ಓರೆಗೆರೆಯೂ ಅದರ ಮುಂದಿನ ಖಾಲಿ ಜಾಗವೂ ಫಲದಲ್ಲಿ ಮಾಯವಾಗಿ "ಮಗ್ಗದಲ್ಲಿ" ಎಂದು ಕೂಡಿಕೊಂಡೇ ಬರುತ್ತದೆ. ಈ ನಿಯಮವನ್ನು ಸಡಿಲಿಸುವ ಒಂದು ಸೆಟ್ಟಿಂಗ್ ಕೂಡ ಡಾಕ್ಯುಟಿಲ್ಸ್‌ನಲ್ಲಿದೆ. 2004ರಲ್ಲಿ ಜಾನ್ ಗ್ರೂಬರ್ ಪ್ರಕಟಿಸಿದ ಮಾರ್ಕ್‌ಡೌನ್ ಎಂಬ ಇನ್ನೊಂದು ಪದ್ಧತಿಯಲ್ಲಿ ನಕ್ಷತ್ರಕ್ಕೆ ಇಷ್ಟು ಬಿಗಿ ಇಲ್ಲ, ಅಲ್ಲಿ ಮೊದಲಿನ ರೀತಿಯಲ್ಲೇ ಬರೆದರೂ ನಡೆಯುತ್ತದೆ.

ಎರಡು, ಶೀರ್ಷಿಕೆಯ ಗೆರೆಯ ಉದ್ದ. ಗೆರೆ ಕನಿಷ್ಠ ಶೀರ್ಷಿಕೆಯಷ್ಟು ಉದ್ದ ಇರಬೇಕು. ಆದರೆ "ವಿಜ್ಞಾನ" ಎಂಬ ಶಬ್ದ ಎಷ್ಟು ಉದ್ದ? ನಮ್ಮ ಕಣ್ಣಿಗೆ ವಿ, ಜ್ಞಾ, ನ ಎಂದು ಮೂರೇ ಅಕ್ಷರ. ಕಂಪ್ಯೂಟರ್ ಒಳಗೆ ಅದು ಏಳು ಸಂಕೇತ: ವ, ಇಕಾರದ ಗುಡಿಸು, ಜ, ಅರ್ಧಾಕ್ಷರ ಮಾಡುವ ವಿರಾಮದ ಗುರುತು, ಞ, ಆಕಾರದ ದೀರ್ಘ, ನ. ಡಾಕ್ಯುಟಿಲ್ಸ್ ಅಗಲ ಎಣಿಸುವಾಗ ವಿರಾಮದ ಗುರುತನ್ನು ಬಿಡುತ್ತದೆ, ಉಳಿದ ಆರನ್ನು ಹಿಡಿಯುತ್ತದೆ. ನೀವು ಮೂರು ಅಕ್ಷರಕ್ಕೆ ಮೂರು = ಹಾಕಿದರೆ ಅದು ಶೀರ್ಷಿಕೆ ಎಂದೇ ತಿಳಿಯದೆ ಸಾದಾ ಬರಹ ಎಂದು ಬಿಟ್ಟುಬಿಡುತ್ತದೆ. ನಾಲ್ಕು ಅಥವಾ ಐದು ಹಾಕಿದರೆ ಶೀರ್ಷಿಕೆ ಎಂದು ಒಪ್ಪಿದರೂ ಗೆರೆ ಗಿಡ್ಡವಾಯಿತು ಎಂದು ಎಚ್ಚರಿಸುತ್ತದೆ. ಸುಲಭದ ಉಪಾಯ: ಎಣಿಸುತ್ತ ಕೂಡಬೇಡಿ, ಗೆರೆಯನ್ನು ಧಾರಾಳವಾಗಿ ಉದ್ದ ಎಳೆಯಿರಿ. ಉದ್ದ ಹೆಚ್ಚಾದರೆ ಯಾರೂ ಕೇಳುವುದಿಲ್ಲ.

ಮೂರು, ಕನ್ನಡ ಅಂಕಿ. ಸಂಖ್ಯೆ ಹಾಕಿದ ಪಟ್ಟಿ ಬೇಕಾದಾಗ 1. 2. 3. ಎಂದು ಬರೆದರೆ ಡಾಕ್ಯುಟಿಲ್ಸ್ ಪಟ್ಟಿ ಎಂದು ತಿಳಿಯುತ್ತದೆ. ೧. ೨. ೩. ಎಂದು ಬರೆದರೆ ಅದಕ್ಕೆ ಅದು ಪಟ್ಟಿಯಲ್ಲ, ಸಾದಾ ಸಾಲು. ಅ. ಆ. ಇ. ಎಂದರೂ ಹಾಗೆಯೇ. ಅದಕ್ಕೆ ಮೂಲದಲ್ಲಿ 1. ಅಥವಾ #. ಎಂದು ಬರೆಯಬೇಕು. #. ಬರೆದರೆ ಎಣಿಕೆಯ ಕೆಲಸ ಅದೇ ಮಾಡುತ್ತದೆ. ಕಾಣುವಾಗ ಕನ್ನಡ ಅಂಕಿಯೇ ಬೇಕೆಂದರೆ ಜಾಲಪುಟದ ವಿನ್ಯಾಸ ಹೇಳುವ ಕಡತದಲ್ಲಿ ಪಟ್ಟಿಯ ಅಂಕಿ ಕನ್ನಡದ್ದು ಎಂದು ಒಂದು ಸಾಲು ಬರೆದರೆ ಸಾಕು. ಇಲ್ಲೂ ಅದೇ ತತ್ವ ನೋಡ್ರಿ: ಮೂಲದಲ್ಲಿ "ಇದು ಪಟ್ಟಿ" ಎಂದಷ್ಟೇ ಹೇಳಿದೆವು, ಅಂಕಿ ಯಾವ ಲಿಪಿಯಲ್ಲಿ ಕಾಣಬೇಕು ಎಂಬುದನ್ನು ಕಾಣಿಸುವ ಜಾಗದಲ್ಲಿ ಹೇಳಿದೆವು.

ನಾಲ್ಕು, ಹಳೆಯ ಫಾಂಟ್. ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳಿವೆ, "ಕ" ಅಕ್ಷರದ ಸಂಖ್ಯೆ 3221. ಜಗತ್ತಿನ ಯಾವ ಕಂಪ್ಯೂಟರ್‌ನಲ್ಲೂ 3221 ಎಂದರೆ "ಕ". ಆದರೆ ಯೂನಿಕೋಡ್ ರೂಢಿಗೆ ಬರುವ ಮೊದಲು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲೇ ಕನ್ನಡದ ಚಿತ್ರಗಳನ್ನು ಕೂರಿಸುತ್ತಿದ್ದರು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರ. ಆ ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಡಾಕ್ಯುಟಿಲ್ಸ್‌ಗೆ ಇಂಥ ಕಡತ ಕೊಟ್ಟರೆ ಅದೇ ರಾಶಿ ಮೂರು ರೂಪದಲ್ಲಿ ಹೊರಗೆ ಬರುತ್ತದೆ. ಹಳೆಯ ಟಿಪ್ಪಣಿ ಇದ್ದರೆ ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ತಿರುಗಿಸಬೇಕು. ಹೊಸದನ್ನು ಯೂನಿಕೋಡ್‌ನಲ್ಲೇ ಬರೆದು, ಉಳಿಸುವಾಗ ಯುಟಿಎಫ್-8 ಎಂದು ಆರಿಸಬೇಕು. ನುಡಿ, ಬರಹ ಎರಡರ ಮುಂದಿನ ಆವೃತ್ತಿಗಳಲ್ಲೂ ಯೂನಿಕೋಡ್ ಬರೆಯಲು ಬರುತ್ತದೆ.

ಐದು, ಪಿಡಿಎಫ್‌ನಲ್ಲಿ ಒತ್ತಕ್ಷರ. "ಕ್ಷ", "ಸ್ತ್ರೀ", "ರ್ಕ" ಇಂಥವನ್ನು ಸರಿಯಾಗಿ ಬರೆಯಲು ಸಂಕೇತಗಳನ್ನು ಸಾಲಾಗಿ ಇಟ್ಟರೆ ಸಾಲದು. ಯಾವುದು ಕೆಳಗೆ ಹೋಗಬೇಕು, ಅರ್ಕಾವೊತ್ತು ಎಲ್ಲಿ ಬರಬೇಕು ಎಂದು ಫಾಂಟ್‌ನ ನಿಯಮ ನೋಡಿ ಜೋಡಿಸಬೇಕು. ಬ್ರೌಸರ್‌ಗಳು ಈ ಕೆಲಸ ಮಾಡುತ್ತವೆ. ಟೆಕ್ ಎಂಬ ಮುದ್ರಣ ಪ್ರೋಗ್ರಾಂನ ಹಳೆಯ ರೂಪಗಳು ಮಾಡುವುದಿಲ್ಲ, ಝೀಟೆಕ್ ಮಾಡುತ್ತದೆ. ಅದಕ್ಕೇ ನಾವು ಆ ರೈಟರ್ ಆರಿಸಿದ್ದು. ಜೊತೆಗೆ ನೋಟೊ ಅಥವಾ ಲೋಹಿತ್‌ನಂಥ ಉಚಿತ ಕನ್ನಡ ಫಾಂಟ್‌ನ ಹೆಸರು ಹೇಳಬೇಕು. ಇದು ಕಷ್ಟ ಅನಿಸಿದರೆ ಎಚ್‌ಟಿಎಂಎಲ್ ಪುಟವನ್ನು ಬ್ರೌಸರ್‌ನಲ್ಲಿ ತೆರೆದು, ಮುದ್ರಿಸುವ ಜಾಗದಲ್ಲಿ ಪಿಡಿಎಫ್ ಆಗಿ ಉಳಿಸಿರಿ.

ಕಾಣದವರಿಗೂ ಕಾಣುವ ಶೀರ್ಷಿಕೆ

ಈ ಇಡೀ ಪದ್ಧತಿಯಿಂದ ಯಾರಿಗೆ ಹೆಚ್ಚು ಲಾಭ ಎಂದು ಕೇಳಿದರೆ, ಕಣ್ಣು ಕಾಣದ ವಿದ್ಯಾರ್ಥಿಗೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುತ್ತದೆ, ಅದಕ್ಕೆ ಕನ್ನಡದ ಧ್ವನಿಯೂ ಇದೆ. ಜಾಲಪುಟದಲ್ಲಿ ಅದು ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರಬಲ್ಲದು. ನೀವು ಪುಟದ ಮೇಲೆ ಕಣ್ಣಾಡಿಸಿ ಬೇಕಾದ ಭಾಗ ಹುಡುಕುವ ಹಾಗೆ ಅವರು ಒಂದು ಕೀಲಿ ಒತ್ತಿ ಹುಡುಕುತ್ತಾರೆ.

ಆದರೆ ಒಂದು ಷರತ್ತು. ಅದು ಶೀರ್ಷಿಕೆ ಎಂದು ಬರೆದವರು ಹೇಳಿರಬೇಕು. ಬರೀ ಅಕ್ಷರ ದೊಡ್ಡದು ಮಾಡಿ, ದಪ್ಪ ಮಾಡಿ ಬಿಟ್ಟರೆ ಕಣ್ಣಿದ್ದವರಿಗೆ ಶೀರ್ಷಿಕೆ ಅನಿಸುತ್ತದೆ, ಆ ತಂತ್ರಾಂಶಕ್ಕೆ ಅದು ಇನ್ನೊಂದು ಸಾಲು ಮಾತ್ರ. ಡಾಕ್ಯುಟಿಲ್ಸ್‌ನಲ್ಲಿ ನೀವು ಎಳೆದ ಒಂದು ಗೆರೆ ಎಚ್‌ಟಿಎಂಎಲ್‌ನಲ್ಲಿ ನಿಜವಾದ ಶೀರ್ಷಿಕೆಯಾಗಿ ಬರುತ್ತದೆ. ಬ್ರೈಲ್ ಬೇಕಾದರೂ ದಾರಿ ಇದೆ: ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಪದ್ಧತಿಗೆ ಕನ್ನಡ ಬರಹವನ್ನು ತಿರುಗಿಸುವ ಲಿಬ್‌ಲೂಯಿ ಎಂಬ ಲೈಬ್ರರಿ ಇದೆ. ಅದಕ್ಕೆ ಕೊಡಲು ಬೇಕಾದದ್ದು ಶುದ್ಧ ಯೂನಿಕೋಡ್ ಬರಹ. ನಮ್ಮ ಹತ್ತಿರ ಅದು ಮೊದಲೇ ಸಿದ್ಧ ಇರುತ್ತದೆ.

ಕಂಪ್ಯೂಟರ್ ಇಲ್ಲದೆ ಮಾಡಿ ನೋಡಿ

ಶಾಲೆಯಲ್ಲಿ ಕಂಪ್ಯೂಟರ್ ಇಲ್ಲ ಅಂತ ಬೇಜಾರು ಬೇಡ. ತರಗತಿಯೇ ಡಾಕ್ಯುಟಿಲ್ಸ್ ಆಗಬಹುದು.

1. ಒಬ್ಬರು ನಿಮ್ಮ ಊರಿನ ಬಗ್ಗೆ ಹತ್ತು ಸಾಲು ಬರೆದು ಮೇಲಿನ ರೀತಿ ಗುರುತು ಹಚ್ಚಿರಿ. ಎರಡು ಅಡಿಟಿಪ್ಪಣಿ ಇರಲಿ.
2. ಇನ್ನೊಬ್ಬರು ಪಾರ್ಸರ್. ಆ ಹಾಳೆ ಓದಿ ಪ್ರತಿಯೊಂದು ಭಾಗಕ್ಕೆ ಒಂದು ಚೀಟಿ ಬರೆಯಿರಿ: ಶೀರ್ಷಿಕೆ, ಪ್ಯಾರಾ, ಪಟ್ಟಿಯ ಅಂಶ, ಅಡಿಟಿಪ್ಪಣಿ ಎಂದು. ಚೀಟಿಗಳನ್ನು ಮರದ ಹಾಗೆ ನೆಲದ ಮೇಲೆ ಜೋಡಿಸಿರಿ.
3. ಮೂರನೆಯವರು ಮಾರ್ಪಾಟು ಮಾಡುವವರು. ಅಡಿಟಿಪ್ಪಣಿಗಳಿಗೆ ಸಂಖ್ಯೆ ಕೊಡಿ, ಶೀರ್ಷಿಕೆ ನೋಡಿ ಪರಿವಿಡಿಯ ಚೀಟಿ ಮಾಡಿರಿ.
4. ಈಗ ಮೂಲ ಹಾಳೆಯನ್ನು ಮುಚ್ಚಿಡಿ. ಮೂವರು ರೈಟರ್‌ಗಳು ಚೀಟಿಗಳನ್ನು ಮಾತ್ರ ನೋಡಬೇಕು. ಒಬ್ಬರು ಬಣ್ಣದ ಖಡುವಿನಿಂದ ಹಲಗೆಯ ಮೇಲೆ ಬರೆಯಿರಿ. ಒಬ್ಬರು ಪೋಸ್ಟ್‌ಕಾರ್ಡ್ ಅಳತೆಯ ಕಾಗದದಲ್ಲಿ ಬರೆಯಿರಿ. ಒಬ್ಬರು ಕಣ್ಣು ಮುಚ್ಚಿ ಕುಳಿತ ಗೆಳೆಯರಿಗೆ ಓದಿ ಹೇಳಿರಿ, ಯಾವುದು ಶೀರ್ಷಿಕೆ, ಯಾವುದು ಪಟ್ಟಿ ಎಂದು ಅವರಿಗೆ ತಿಳಿಯಬೇಕು.
5. ಒಂದು ಚೀಟಿಯಲ್ಲಿನ ಶಬ್ದ ಬದಲಿಸಿ ಮೂವರಿಗೂ ಮತ್ತೆ ತಮ್ಮ ಕೆಲಸ ಮಾಡಲು ಹೇಳಿರಿ.

ಆಟ ಮುಗಿದ ಮೇಲೆ ಈ ಪ್ರಶ್ನೆಗಳನ್ನು ಚರ್ಚಿಸಿರಿ:

ಅ) ಬರೆದವರು ಒಂದು ಶೀರ್ಷಿಕೆಗೆ ಗೆರೆ ಎಳೆಯಲು ಮರೆತಿದ್ದರೆ ಮೂವರು ರೈಟರ್‌ಗಳಲ್ಲಿ ಯಾರಿಗೆ ಅದು ಗೊತ್ತಾಗುತ್ತಿತ್ತು? ಯಾಕೆ?

ಆ) "ಇದನ್ನು ಕೆಂಪು ಖಡುವಿನಿಂದ ಬರೆ" ಎಂದು ಚೀಟಿಯಲ್ಲಿ ಇದ್ದಿದ್ದರೆ ಓದಿ ಹೇಳುವ ರೈಟರ್ ಏನು ಮಾಡುತ್ತಿದ್ದರು? ಆ ಚೀಟಿಯಲ್ಲಿ ಏನು ಬರೆದಿರಬೇಕಿತ್ತು?

ಇ) "ಪ್ರಯೋಗ" ಎಂಬ ಶೀರ್ಷಿಕೆಯಲ್ಲಿ ಕಣ್ಣಿಗೆ ಕಾಣುವ ಅಕ್ಷರ ಎಷ್ಟು? ಕಂಪ್ಯೂಟರ್ ಒಳಗಿನ ಸಂಕೇತ ಎಷ್ಟು? ಡಾಕ್ಯುಟಿಲ್ಸ್ ಎಷ್ಟು ಅಗಲ ಎಣಿಸುತ್ತದೆ?

ಮೂರನೆಯ ಪ್ರಶ್ನೆಗೆ ಉತ್ತರ: ಅಕ್ಷರ ಮೂರು, ಸಂಕೇತ ಆರು (ಪ, ವಿರಾಮದ ಗುರುತು, ರ, ಯ, ಓಕಾರದ ಚಿಹ್ನೆ, ಗ), ಎಣಿಸುವ ಅಗಲ ಐದು. ಮೊದಲೆರಡಕ್ಕೆ ಉತ್ತರ ನಿಮ್ಮ ತರಗತಿಯಲ್ಲೇ ಸಿಗಲಿ. ಆಟಕ್ಕೆ ಬರೆದ ಆ ಹತ್ತು ಸಾಲನ್ನು ಮಾತ್ರ ಎಸೆಯಬೇಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಇಟ್ಟುಕೊಳ್ಳಿ, ಮುಂದಿನ ವರ್ಷದವರು ಅದಕ್ಕೆ ಇನ್ನು ಹತ್ತು ಸಾಲು ಸೇರಿಸಲಿ.